ಸಂಬಳ ಲಕ್ಷ ದಾಟಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಕುವೆಂಪುನಗರದವಳು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ, ಅದರಲ್ಲಿ ಹೆಚ್ಚು ಕಾಲ ಸಾಲದ ವಿಭಾಗದಲ್ಲಿ. ನಿವೃತ್ತಿ ಆದ ಮೇಲೆ ಭಾನುವಾರ ಬೆಳಗ್ಗೆ ಗೊತ್ತಿದ್ದವರು, ಅವರಿಗೆ ಗೊತ್ತಿದ್ದವರು ಮನೆ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಕಡಿಮೆ ಸಂಬಳದವರೇ ಜಾಸ್ತಿ ಬರುತ್ತಾರೆ ಅಂದುಕೊಂಡಿದ್ದೆ. ಬಂದವರು ಇಲ್ಲಿನ ಹೆಬ್ಬಾಳದ ಕಡೆ ಐಟಿ ಕಂಪನಿಗಳಲ್ಲಿ ಇರುವವರು, ಡಾಕ್ಟರುಗಳು, ಯುಜಿಸಿ ಸಂಬಳದ ಮೇಷ್ಟ್ರುಗಳು, ಬೆಂಗಳೂರಿನ ಕೆಲಸವನ್ನು ಇಲ್ಲೇ ಮನೆಯಿಂದ ಮಾಡುವವರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಕೈಯಲ್ಲಿ ದುಡ್ಡೇ ನಿಲ್ತಿಲ್ಲ ಮೇಡಂ." ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ತಿಂಗಳಿಗೆ ಎರಡು ಲಕ್ಷ ಬರುತ್ತೆ, ಇಪ್ಪತ್ತನೇ ತಾರೀಖಿಗೆ ಖಾಲಿ. ಹೇಳಿದ್ರೆ ಯಾರೂ ನಂಬಲ್ಲ. ನಾವೇನು ಸುಳ್ಳು ಹೇಳ್ತಿದ್ದೀವಾ?

ಇಲ್ಲ. ನಿಮ್ಮ ಸಂಕಟ ನಿಜ. 22ನೇ ತಾರೀಖು ಅಕೌಂಟಿನಲ್ಲಿ ಮೂರು ಸಾವಿರ ಇದ್ದಾಗ ಮಗುವಿಗೆ ಜ್ವರ ಬಂದರೆ ಎದೆ ಧಸಕ್ ಅನ್ನುತ್ತೆ. ಆ ಹೊತ್ತಿನಲ್ಲಿ ಸಂಬಳ ಎಷ್ಟು ಅನ್ನೋದು ಯಾರಿಗೂ ಧೈರ್ಯ ಕೊಡಲ್ಲ.

ಆದರೆ ಒಂದು ಮಾತನ್ನು ತಿದ್ದಿಕೊಳ್ಳಿ. "ದುಡ್ಡಿಲ್ಲ" ಅನ್ನೋದು ಬೇರೆ, "ದುಡ್ಡು ಉಳಿದಿಲ್ಲ" ಅನ್ನೋದು ಬೇರೆ. ದುಡ್ಡಿಲ್ಲದವರಿಗೆ ಬರೋದೇ ಸಾಲದು. ನಿಮಗೆ ಬರುತ್ತೆ, ಆದರೆ ಬರುವ ಮುಂಚೆಯೇ ನೀವೇ ಸೈನ್ ಹಾಕಿ ಅದನ್ನು ಬೇರೆಯವರಿಗೆ ಬರೆದುಕೊಟ್ಟಿರುತ್ತೀರಿ. ಮೊದಲನೆಯವರಿಗೆ ಬೇಕಾಗಿರೋದು ಒಳ್ಳೆ ಕೂಲಿ, ಕಾಯಂ ಕೆಲಸ, ಸರ್ಕಾರದ ಆಸರೆ. ನಿಮಗೆ ಬೇಕಾಗಿರೋದು ಹಾಕಿದ ಸೈನುಗಳನ್ನು ಒಂದೊಂದಾಗಿ ವಾಪಸ್ ತೆಗೆದುಕೊಳ್ಳೋದು. ಎರಡಕ್ಕೂ ಒಂದೇ ಮಾತು ಬಳಸಿದರೆ ನಿಮ್ಮ ದಾರಿ ನಿಮಗೇ ಕಾಣಲ್ಲ.

ಪ್ಯಾಕೇಜ್ 24 ಲಕ್ಷ ಅಂದ್ರೆ ತಿಂಗಳಿಗೆ ಎರಡು ಲಕ್ಷ ತಾನೇ?

ತಪ್ಪು ಶುರುವಾಗೋದೇ ಇಲ್ಲಿಂದ. ಒಂದು ಲೆಕ್ಕ ಹಾಕೋಣ. 24 ಲಕ್ಷದ ಪ್ಯಾಕೇಜ್‌ನಲ್ಲಿ ಮೂಲ ಸಂಬಳ ಅರ್ಧ, ಅಂದರೆ 12 ಲಕ್ಷ ಅಂತ ಇಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಅದು 1,44,000. ಗ್ರಾಚ್ಯುಟಿ ಬಾಬ್ತು ಸುಮಾರು 57,700. ಇವೆರಡನ್ನೂ ಪ್ಯಾಕೇಜ್ ಒಳಗೇ ಎಣಿಸಿರುತ್ತಾರೆ. ವೇರಿಯಬಲ್ ಪೇ ಅಂತ 2,40,000 ಬೇರೆ, ಅದು ವರ್ಷದ ಕೊನೆಗೆ ಬಂದರೆ ಬಂತು. ಇನ್ನು ಉಳಿದದ್ದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,44,000. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ, 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿಸಿ ಆದಾಯ ತೆರಿಗೆ ಸುಮಾರು 1,84,000. ರಾಜ್ಯದ ವೃತ್ತಿ ತೆರಿಗೆ ಒಂದಿಷ್ಟು. ಕೊನೆಗೆ ತಿಂಗಳಿಗೆ ಕೈಗೆ ಬರೋದು 1,35,000 ಚಿಲ್ಲರೆ.

ತಲೆಯಲ್ಲಿ ಎರಡು ಲಕ್ಷ, ಅಕೌಂಟಿನಲ್ಲಿ 1,35,000. ನಡುವಿನ 65 ಸಾವಿರ ಎಲ್ಲೂ ಕಳೆದುಹೋಗಿಲ್ಲ. ಪಿಎಫ್ ನಿಮ್ಮದೇ ದುಡ್ಡು, ಗ್ರಾಚ್ಯುಟಿ ಸೇವೆ ಮುಗಿಸಿದ ಮೇಲೆ ಬರುತ್ತೆ. ಆದರೆ ಮನೆ, ಕಾರು, ಸ್ಕೂಲು ಆರಿಸುವಾಗ ನಾವೆಲ್ಲ ತಲೆಯಲ್ಲಿರುವ ಸಂಖ್ಯೆ ನೋಡಿಯೇ ಆರಿಸುತ್ತೇವೆ. "ನನಗೆ 24 ಲಕ್ಷ, ಈ ಫ್ಲ್ಯಾಟು ಯಾಕೆ ಬೇಡ" ಅನ್ನಿಸುತ್ತೆ.

ಹಾಗಾದ್ರೆ ದುಡ್ಡು ನಿಜವಾಗಿ ಎಲ್ಲಿಗೆ ಹೋಗುತ್ತೆ?

ಬೋಗಾದಿ ಕಡೆಯ ಒಂದು ಗಂಡ ಹೆಂಡತಿ ಕಳೆದ ವರ್ಷ ಬಂದಿದ್ದರು. ಇಬ್ಬರೂ ದುಡಿಯುವವರು. ಕೈಗೆ ಬರುವುದು ಇಬ್ಬರದ್ದೂ ಸೇರಿ 2,30,000. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿಕೊಂಡು ಬನ್ನಿ ಅಂದಿದ್ದೆ. ಊಟದ ಮೇಜಿನ ಮೇಲೆ ಹರಡಿ, ಆಕೆ ಕೈಗೆ ಹಳದಿ ಹೈಲೈಟರ್ ಕೊಟ್ಟೆ. "ಈ ತಿಂಗಳು ಬೇಡ ಅಂದ್ರೂ ನಿಲ್ಲಿಸೋಕೆ ಆಗದ ಸಾಲು ಯಾವುದಿದೆಯೋ ಅದಕ್ಕೆಲ್ಲ ಬಣ್ಣ ಹಚ್ಚಿ" ಅಂದೆ.

ಮನೆ ಸಾಲ 60 ಲಕ್ಷ, ಎಂಟೂವರೆ ಪರ್ಸೆಂಟ್, 20 ವರ್ಷ: ಕಂತು 52,100. ನಂಜನಗೂಡು ರಸ್ತೆ ಕಡೆ ತೆಗೆದಿಟ್ಟ ಸೈಟಿನ ಸಾಲ 25 ಲಕ್ಷ: ಕಂತು 25,400. ಕಾರು: 24,900. ಗೃಹಪ್ರವೇಶಕ್ಕೂ ಮನೆಯೊಳಗಿನ ಮರಗೆಲಸಕ್ಕೂ ತೆಗೆದ ಎಂಟು ಲಕ್ಷದ ಪರ್ಸನಲ್ ಲೋನ್: 21,100. ಇಬ್ಬರು ಮಕ್ಕಳ ಸ್ಕೂಲು, ವ್ಯಾನು ತಿಂಗಳ ಲೆಕ್ಕಕ್ಕೆ 22,000. ಹಿಂದಿನ ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲು 38,000. ಇಬ್ಬರ ಹೆಸರಿನ ಇನ್ಶೂರೆನ್ಸ್ ಪಾಲಿಸಿಗಳು 9,000.

ಕೂಡಿದರೆ 1,92,500. ಅಷ್ಟೂ 1ರಿಂದ 10ನೇ ತಾರೀಖಿನ ಒಳಗೆ. ಆಕೆ ಬಣ್ಣ ಹಚ್ಚುತ್ತಾ ಹಚ್ಚುತ್ತಾ ನಿಧಾನವಾದಳು. ಪುಟದ ಮೇಲರ್ಧ ಪೂರ್ತಿ ಹಳದಿ. ಕೆಳಗೆ ಉಳಿದದ್ದು ಹಾಲು, ತರಕಾರಿ, ಪೆಟ್ರೋಲು, ಔಷಧಿ, ಅತ್ತೆ ಮಾವನಿಗೆ ಕಳಿಸಿದ ದುಡ್ಡು. ಇಷ್ಟು ದಿನ ಇಬ್ಬರೂ ಜಗಳ ಆಡುತ್ತಿದ್ದದ್ದು ಈ ಕೆಳಗಿನ ಅರ್ಧದ ಬಗ್ಗೆ. ಯಾರು ಎಷ್ಟು ಸಲ ಊಟ ತರಿಸಿದ್ರು, ಯಾರು ಎಷ್ಟಕ್ಕೆ ಚಪ್ಪಲಿ ತಗೊಂಡ್ರು ಅಂತ. ಮೇಲಿನ ಅರ್ಧವನ್ನು ಯಾರೂ ನೋಡಿರಲೇ ಇಲ್ಲ. ಅದು ತಾನಾಗೇ ಕಟ್ ಆಗುತ್ತೆ, ಮೊಬೈಲಿಗೆ ಒಂದು ಮೆಸೇಜು ಬರುತ್ತೆ, ಅಷ್ಟೇ.

ನಾಲ್ಕು ಸಾಲದ ಕಂತುಗಳೇ 1,23,500, ಬರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ನಾನು ಸಾಲದ ಫೈಲು ನೋಡುತ್ತಿದ್ದ ಕಾಲದಲ್ಲಿ 40 ಪರ್ಸೆಂಟ್ ದಾಟಿದರೆ ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಯೋಚಿಸುತ್ತಿದ್ದೆ. ಈಗಲೂ ಅದೇ ಅಳತೆ ಹೇಳುತ್ತೇನೆ.

ಮನೆ ಸಾಲದ ಕಂತು ಉಳಿತಾಯವೇ ಅಲ್ವಾ? ಮನೆ ನಮ್ಮದಾಗುತ್ತೆ ತಾನೇ?

ಅಷ್ಟೂ ಅಲ್ಲ. ಮೇಲಿನ 52,100ರಲ್ಲಿ ಮೊದಲ ತಿಂಗಳು 42,500 ಬರೀ ಬಡ್ಡಿ. ಅಸಲಿಗೆ ಹೋಗೋದು 9,600. ಇಪ್ಪತ್ತು ವರ್ಷಕ್ಕೆ ಬಡ್ಡಿಯೇ 65 ಲಕ್ಷದ ಹತ್ತಿರ ಬರುತ್ತೆ, ತೆಗೆದುಕೊಂಡ ಸಾಲಕ್ಕಿಂತ ಜಾಸ್ತಿ.

ಒಂದು ಒಳ್ಳೆ ಸುದ್ದಿ ಇದೆ. ಬದಲಾಗುವ ಬಡ್ಡಿ ದರದ ಮನೆ ಸಾಲವನ್ನು ನೀವು ಮುಂಚೆ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಈ ಸಾಲ ಮೂರು ವರ್ಷಕ್ಕಿಂತ ಜಾಸ್ತಿ ಮುಂಚೆ ತೀರುತ್ತೆ. ಬೋನಸ್ ಬಂದಾಗ ಇದನ್ನು ನೆನಪಿಡಿ. ಆದರೆ ಬೇರೆ ದುಬಾರಿ ಸಾಲ ಇದ್ದರೆ ಅದು ಮೊದಲು.

ಹೊರಗಡೆ ಕಾಫಿ, ಊಟ ಬಿಟ್ರೆ ಸರಿಹೋಗುತ್ತಾ?

ಇಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿಂದು ಬನ್ನಿ. ನಿಮ್ಮ ಮನೆ ಅದರಿಂದ ಮುಳುಗುತ್ತಿಲ್ಲ.

ಕ್ರೆಡಿಟ್ ಕಾರ್ಡ್‌ನಲ್ಲಿ ಮಿನಿಮಮ್ ಕಟ್ಟಿಕೊಂಡು ಹೋದ್ರೆ ಸಾಲ್ದಾ? ನೋ ಕಾಸ್ಟ್ ಇಎಂಐ ಬಡ್ಡಿ ಇಲ್ಲದ್ದು ತಾನೇ?

ದಯವಿಟ್ಟು ಮಿನಿಮಮ್ ಕಟ್ಟಿಕೊಂಡು ಹೋಗಬೇಡಿ. ಒಂದು ಲಕ್ಷ ಬಾಕಿ ಇದೆ, ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂತ ಇಟ್ಟುಕೊಳ್ಳಿ. ಬಡ್ಡಿ 3,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 630. ನೀವು ಮಿನಿಮಮ್ ಅಂತ 5,000 ಕಟ್ಟಿದರೆ ಸಾಲ ಇಳಿಯೋದು 870 ರೂಪಾಯಿ. ಬಾಕಿ ಉಳಿಸಿಕೊಂಡ ಮೇಲೆ ಹೊಸದಾಗಿ ಉಜ್ಜಿದ ದುಡ್ಡಿಗೂ ಆ ದಿನದಿಂದಲೇ ಬಡ್ಡಿ ಶುರು. ವರ್ಷದ ಲೆಕ್ಕಕ್ಕೆ 42 ಪರ್ಸೆಂಟ್ ಆಯಿತು. ಮನೆ ಸಾಲಕ್ಕೆ ಕಾಲು ಪರ್ಸೆಂಟ್ ಬಡ್ಡಿ ಕಡಿಮೆ ಮಾಡಿಸಲು ನಾಲ್ಕು ಬ್ಯಾಂಕ್ ಸುತ್ತುವವರು ಇದನ್ನು ವರ್ಷಗಟ್ಟಲೆ ಹೊತ್ತುಕೊಂಡಿರೋದು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತೆ.

ಇನ್ನು ನೋ ಕಾಸ್ಟ್ ಇಎಂಐ. ಸೊನ್ನೆ ಬಡ್ಡಿ ಅನ್ನೋದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಗಿರಾಕಿಯಿಂದಲೇ ವಸೂಲಿ ಮಾಡುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಪ್ರೊಸೆಸಿಂಗ್ ಫೀ ಇರುತ್ತೆ, ಇಲ್ಲವೇ ಒಂದೇ ಸಲ ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಸಿಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಮುಂದಿನ ಒಂಬತ್ತು ತಿಂಗಳ ಸಂಬಳದ ಮೇಲೆ ಇನ್ನೊಂದು ಹಳದಿ ಗೆರೆ ಬೀಳುತ್ತೆ.

ಮೈಸೂರಲ್ಲಿ ಖರ್ಚು ಕಡಿಮೆ ಅಂತ ಬೆಂಗಳೂರು ಬಿಟ್ಟು ಬಂದ್ವಿ. ಆದ್ರೂ ಯಾಕೆ ಉಳೀತಿಲ್ಲ?

ಬಾಡಿಗೆ ಕಡಿಮೆ ಆಗುತ್ತೆ, ಓಡಾಟದ ಹೊತ್ತು ಉಳಿಯುತ್ತೆ, ನಿಜ. ಆದರೆ ಉಳಿದ ದುಡ್ಡು ಇಲ್ಲಿ ಬೇಗ ಸೈಟು ಆಗಿಬಿಡುತ್ತೆ. ಇದು ನಮ್ಮೂರಿನ ಗುಣ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾದ ಊರು ಇದು. ಬಡಾವಣೆ ಮಾಡಿ ಸೈಟು ಹಂಚೋದನ್ನು ನೋಡಿಕೊಂಡೇ ಎಷ್ಟೋ ತಲೆಮಾರು ಬೆಳೆದಿದೆ. ಮೂವತ್ತು ನಲವತ್ತರ ಸೈಟು ಇದ್ದರೇ ಮರ್ಯಾದೆ ಅನ್ನುವ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹಿಂದೆ ಉಳಿಸಿದ ದುಡ್ಡಲ್ಲಿ ಸೈಟು ತಗೊಳ್ಳುತ್ತಿದ್ದರು. ಈಗ ಸಾಲ ಮಾಡಿ ಎರಡನೇದು ತಗೊಳ್ಳುತ್ತಾರೆ. ಅಲ್ಲಿ ಹುಲ್ಲು ಬೆಳೆಯುತ್ತಿರುತ್ತೆ, ಇಲ್ಲಿ ಕಂತು ಹೋಗುತ್ತಿರುತ್ತೆ.

ಇನ್ನೊಂದು, ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಅದು ಪೂರ್ತಿ ತೆರೆದ ಮೇಲೆ ಬೆಂಗಳೂರು ಪಕ್ಕದ ಮನೆ ಥರ ಆಗಿದೆ. ವಾರಕ್ಕೊಂದು ಸಲ ಕಾರಿನಲ್ಲಿ ಹೋಗಿ ಬಂದರೆ ಪೆಟ್ರೋಲು, ಟೋಲು ಸೇರಿ ಒಂದು ಸಲಕ್ಕೆ ಎರಡೂವರೆ ಸಾವಿರದ ಹತ್ತಿರ. ತಿಂಗಳಿಗೆ ಹತ್ತು ಸಾವಿರ. ಬೇಡ ಅನ್ನುತ್ತಿಲ್ಲ, ರೈಲು ಇದೆ ಅಂತ ನೆನಪು ಮಾಡುತ್ತಿದ್ದೇನೆ.

ಗೃಹಪ್ರವೇಶದ ಬಗ್ಗೆಯೂ ಹೇಳಲೇಬೇಕು. ಮನೆ ಕಟ್ಟಿ ಕೈ ಪೂರ್ತಿ ಬರಿದಾದ ಹೊತ್ತಿಗೆ ಐನೂರು ಜನಕ್ಕೆ ಊಟ. ಪರ್ಸನಲ್ ಲೋನ್ ಹೆಚ್ಚಾಗಿ ಹುಟ್ಟೋದು ಅಲ್ಲೇ. ಮನೆ ಮಂದಿ, ಹತ್ತಿರದ ನಾಲ್ಕು ಜನ ಸೇರಿ ಹಾಲು ಉಕ್ಕಿಸಿದರೂ ಆ ಮನೆ ನಿಮ್ಮದೇ ಆಗುತ್ತೆ.

ಅಪ್ಪ ಅಮ್ಮ ಅಷ್ಟು ಕಡಿಮೆ ಸಂಬಳದಲ್ಲಿ ನಮ್ಮನ್ನು ಓದಿಸಿದ್ರು. ನಮಗ್ಯಾಕೆ ಆಗ್ತಿಲ್ಲ?

ಈ ಹೋಲಿಕೆಯಿಂದ ನಿಮ್ಮನ್ನು ನೀವು ಜಾಸ್ತಿ ಹೊಡೆದುಕೊಳ್ಳಬೇಡಿ. ಅವರಿಗೆ ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು ನಂಬಿಕೆಗೆ ಸಿಗುತ್ತಿತ್ತು. ಕಾಯಿಲೆ ಆದರೆ ಸರ್ಕಾರದ ಕೆ.ಆರ್. ಆಸ್ಪತ್ರೆಗೆ ಹೋಗುತ್ತಿದ್ದರು. ಸರ್ಕಾರಿ ನೌಕರರಿಗೆ ಪಿಂಚಣಿ ಇತ್ತು. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಆ ಹಳೇ ಪಿಂಚಣಿ ಇಲ್ಲ. ಖಾಸಗಿಯವರಿಗಂತೂ ಮುಪ್ಪಿನ ಜವಾಬ್ದಾರಿ ಹೆಚ್ಚುಕಡಿಮೆ ಅವರದೇ. ಹಾಗಾಗಿ ನಿಮ್ಮ ಭಯಕ್ಕೆ ಕಾರಣ ಇದೆ.

ಅವರ ಕಾಲಕ್ಕೂ ನಮ್ಮ ಕಾಲಕ್ಕೂ ಇನ್ನೂ ಒಂದು ವ್ಯತ್ಯಾಸ ಇದೆ. ಅವರಿಗೆ ಯಾರೂ ಸುಲಭಕ್ಕೆ ಸಾಲ ಕೊಡುತ್ತಿರಲಿಲ್ಲ. ಅರ್ಜಿ ಹಾಕಬೇಕು, ಜಾಮೀನು ಹುಡುಕಬೇಕು, ಮ್ಯಾನೇಜರ್ ಎದುರು ಕೂರಬೇಕು. ಆ ಕಷ್ಟದಲ್ಲಿ ಅರ್ಧ ಆಸೆ ತಾನಾಗೇ ಇಳಿಯುತ್ತಿತ್ತು. ಈಗ ಫೋನಿನಲ್ಲಿ ಮೂರು ಸಲ ಒತ್ತಿದರೆ ಐದು ಲಕ್ಷ ಬರುತ್ತೆ.

ವರ್ಷಕ್ಕೊಂದು ಸಲ ದುಡ್ಡು ನೋಡೋ ರೈತರು ಹೇಗೆ ಸಂಸಾರ ಮಾಡ್ತಾರೆ?

ಬೋಗಾದಿ ಗಂಡ ಹೆಂಡತಿ ಎರಡನೇ ಸಲ ಬಂದಾಗ ಗಂಡನ ತಂದೆಯೂ ಜೊತೆಗಿದ್ದರು. ಮದ್ದೂರು ಹತ್ತಿರದ ಹಳ್ಳಿ, ಎರಡು ಎಕರೆ ಕಬ್ಬು. ಅವರು ಹಳದಿ ಬಳಿದ ಹಾಳೆಯನ್ನು ಬಹಳ ಹೊತ್ತು ನೋಡಿ ಮಗನನ್ನು ಕೇಳಿದರು: "ಇಷ್ಟೂ ಸಾಲನೇನ್ಲಾ ಮಗ?" ಮಗ ತಲೆ ಆಡಿಸಿದ. "ನಾನು ಒಂದೇ ಕಡೆ ತಕಂಡಿವ್ನಿ, ಸೊಸೈಟೀಲಿ. ಕಬ್ಬು ಕಡುದ್ರೆ ತೀರ್ತದೆ" ಅಂದರು. ಬೈಯಲಿಲ್ಲ. ಅವರಿಗೆ ಗಾಬರಿಯಾಗಿತ್ತು.

ಆ ಕಬ್ಬಿನ ಲೆಕ್ಕವನ್ನೂ ಅಲ್ಲೇ ಹಾಕಿದೆವು. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ದರ, ಕಬ್ಬಿನಿಂದ ಸಿಗುವ ಸಕ್ಕರೆಯ ಇಳುವರಿ 10.25 ಪರ್ಸೆಂಟ್ ಇದ್ದರೆ ಟನ್ನಿಗೆ 3,550. ಇಳುವರಿ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 3,290ರ ಆಸುಪಾಸು. ಎಕರೆಗೆ 40 ಟನ್ ಅಂದರೆ ಎರಡು ಎಕರೆಗೆ 80 ಟನ್, ಕಡಿಮೆ ದರದಲ್ಲಿ 2,63,000. ಇದರಲ್ಲೇ ಕಟಾವು, ಸಾಗಣೆ, ಗೊಬ್ಬರ, ಆಳು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಆದೇಶವೇ ಇದೆ, ಆದರೂ ಬಾಕಿಗಾಗಿ ರೈತರು ಕಾಯೋದನ್ನು ನಾವು ನೋಡುತ್ತಲೇ ಇದ್ದೇವೆ. ಅಪ್ಪನ ವರ್ಷದ ಬೆಳೆ, ಮಗ ಸೊಸೆಯ ಒಂದು ತಿಂಗಳ ಸಂಬಳ, ಎರಡೂ ಹತ್ತಿರ ಹತ್ತಿರ. ಆ ಸಂಖ್ಯೆ ಬರೆದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವರು ಸುಖವಾಗಿದ್ದಾರೆ ಅಂತ ನಾನು ಹೇಳಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೇ ರೈತರು, ಯೋಚನಾ ಶಕ್ತಿ ಅಳೆಯುವ ಅದೇ ಥರದ ಪರೀಕ್ಷೆ. ಕಟಾವಿಗೆ ಮುಂಚೆ, ಕೈ ಬಿಗಿ ಇದ್ದಾಗ, ತಪ್ಪು ಜಾಸ್ತಿ. ಕಟಾವಾಗಿ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ದುಡ್ಡಿನ ಚಿಂತೆ ತಲೆಯ ಜಾಗವನ್ನೇ ತಿನ್ನುತ್ತೆ. ನಿಮಗೂ 22ನೇ ತಾರೀಖಿನ ಹೊತ್ತಿಗೆ ತಲೆ ಬಿಗಿಯಾಗಿರುತ್ತೆ ಅಂತ ನನ್ನ ಅನುಭವ ಹೇಳುತ್ತೆ. ಅದಕ್ಕೇ ಲೆಕ್ಕಕ್ಕೆ ತಿಂಗಳ ಕೊನೆಯಲ್ಲಿ ಕೂರಬೇಡಿ. 3ನೇ ತಾರೀಖು ಕೂರಿ. ಸಾಲ ತೆಗೆಯುವ ತೀರ್ಮಾನವನ್ನಂತೂ 20ರ ಮೇಲೆ ಮಾಡಲೇಬೇಡಿ.

ಮನೆ ಕೆಲಸದವರು ಅಡ್ವಾನ್ಸ್ ಕೇಳ್ತಾರೆ. ನಮಗೇ ಕಷ್ಟ ಅಂತ ಹೇಳಿದ್ರೆ ತಪ್ಪಾ?

ತಪ್ಪು. ನಾನೇ ಮಾಡಿದ ತಪ್ಪು, ಹಾಗಾಗಿ ಹೇಳುತ್ತೇನೆ. ನಾನು ಕೆಲಸದಲ್ಲಿದ್ದಾಗ ಅಡುಗೆಮನೆ ಹೊಸದು ಮಾಡಿಸುತ್ತಿದ್ದೆವು. ನಮ್ಮ ಮನೆಗೆ ಬರುತ್ತಿದ್ದಾಕೆ ಮಗಳ ಕಾಲೇಜು ಫೀಸಿಗೆ ಮೂರು ಸಾವಿರ ಕೇಳಿದಳು. "ಈ ತಿಂಗಳು ನಮಗೇ ಕೈ ಕಚ್ಚುತ್ತಿದೆ ಕಣಮ್ಮ" ಅಂದೆ. ಅದೇ ಬೆಳಗ್ಗೆ ಗ್ರಾನೈಟ್ ಚಪ್ಪಡಿ ಇಳಿಸುತ್ತಿದ್ದರು. "ಹೌದಮ್ಮ, ಎಲ್ಲರಿಗೂ ಕಷ್ಟಾನೇ" ಅಂತ ಹೇಳಿ, ಆ ಕಲ್ಲಿನ ಪುಡಿ ಗುಡಿಸಿ ಹೋದಳು. ಆಮೇಲೆ ಗೊತ್ತಾಯಿತು, ನೂರಕ್ಕೆ ಹತ್ತು ರೂಪಾಯಿ ತಿಂಗಳ ಬಡ್ಡಿಗೆ ಬೇರೆ ಕಡೆ ತಂದಿದ್ದಳು. ನನ್ನ ಅಕೌಂಟಿನಲ್ಲಿ ಆ ದಿನ ಮೂರು ಸಾವಿರ ಇತ್ತು. ಇರಲಿಲ್ಲ ಅಂದಿದ್ದು ನಾನು ಮಾತ್ರ.

"ದುಡ್ಡಿಲ್ಲ" ಮತ್ತು "ಉಳಿದಿಲ್ಲ" ಬೇರೆ ಬೇರೆ ಅಂತ ನನಗೆ ತಟ್ಟಿದ್ದು ಆವತ್ತು. ಸಾಲ ಕೊಟ್ಟವರ ಕಾಟ ಮಿತಿ ಮೀರಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಸಾಲ ಎರಡು ಮೂರು ಸಾವಿರದಿಂದಲೂ ಶುರುವಾಗಬಹುದು. ಕೊಡಲು ಆಗದಿದ್ದರೆ "ಈಗ ಆಗಲ್ಲಮ್ಮ" ಅನ್ನಿ, ಸಾಕು. ನಿಮ್ಮ ಕಷ್ಟವನ್ನು ಅವರ ಕಷ್ಟದ ಪಕ್ಕ ಇಡಬೇಡಿ. ಆದರೆ ಕೊಡಿ. ವರ್ಷಕ್ಕೆ ಇಷ್ಟು ಅಂತ ಎತ್ತಿಟ್ಟರೆ ಹೊರೆ ಆಗಲ್ಲ.

ತೆರಿಗೆ ಕಟ್ಟೋರು ನಾವು, ಸೌಲಭ್ಯ ಬೇರೆಯವರಿಗೆ. ಬೇಜಾರಾಗಲ್ವಾ?

ಆಗುತ್ತೆ, ಅರ್ಥ ಆಗುತ್ತೆ. ಗೃಹಲಕ್ಷ್ಮಿಯ ಎರಡು ಸಾವಿರ ಆದಾಯ ತೆರಿಗೆ ಕಟ್ಟುವವರ ಮನೆಗೆ ಬರಲ್ಲ. ಆದರೆ ಗೃಹಜ್ಯೋತಿಗೆ ಆದಾಯದ ಮಿತಿ ಇಲ್ಲ. ಮನೆಯ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪರ್ಸೆಂಟ್, 200 ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ. ನನ್ನ ಹತ್ತಿರ ಬಂದು ಹೀಗೆ ಬೇಜಾರು ಮಾಡಿಕೊಂಡ ಇಬ್ಬರ ಮನೆಗೆ ಆ ಸೊನ್ನೆ ಬಿಲ್ಲು ಬರುತ್ತಿತ್ತು, ಅವರು ಗಮನಿಸಿರಲಿಲ್ಲ. ಮೇಲೆ ಹಾಕಿದ ಲೆಕ್ಕದಲ್ಲಿ ಆದಾಯ ತೆರಿಗೆ ವರ್ಷಕ್ಕೆ 1,84,000. ಬೋಗಾದಿಯವರ ನಾಲ್ಕು ಸಾಲದ ಕಂತು ಒಂದೂವರೆ ತಿಂಗಳಿಗೇ ಅದನ್ನು ದಾಟುತ್ತೆ.

ಏನೇ ಹೇಳಿ, ನಾವು ಮಧ್ಯಮ ವರ್ಗದವರೇ ತಾನೇ?

ಕೇಂದ್ರದ ಕಾರ್ಮಿಕ ಸಮೀಕ್ಷೆ ಪ್ರಕಾರ ದೇಶದಲ್ಲಿ ತಿಂಗಳ ಸಂಬಳದ ಕೆಲಸದಲ್ಲಿ ಇರುವವರ ಸರಾಸರಿ ಗಳಿಕೆ 2023-24ರಲ್ಲಿ 20 ಸಾವಿರದ ಆಸುಪಾಸು. ಕೂಲಿಯವರದ್ದು ಇನ್ನೂ ಕಡಿಮೆ. 1,35,000 ಕೈಗೆ ಬರುವವರು ಎಲ್ಲಿದ್ದಾರೆ ಅಂತ ನೀವೇ ನೋಡಿ. ನಾವು ಮೇಲೆ ಇರುವವರನ್ನೇ ನೋಡುತ್ತೇವೆ, ಅದೇ ಅಪಾರ್ಟ್‌ಮೆಂಟು, ಅದೇ ಸ್ಕೂಲಿನ ವಾಟ್ಸಾಪ್ ಗುಂಪು. ಹಾಗಾಗಿ ಕೆಳಗೆ ಎಷ್ಟು ಜನ ಇದ್ದಾರೆ ಅಂತ ಗೊತ್ತೇ ಆಗಲ್ಲ.

ಊರಲ್ಲಿ ನೆಂಟರೆಲ್ಲ ನಮ್ಮನ್ನೇ ಕೇಳ್ತಾರೆ. ಇಲ್ಲ ಅನ್ನೋಕೂ ಆಗಲ್ಲ.

ಇದು ನಿಜವಾದ ಭಾರ. ಮನೆಯಲ್ಲಿ ಒಬ್ಬರೇ ಓದಿ ಮೇಲೆ ಬಂದಿದ್ದರೆ ತಂಗಿ ಮದುವೆ, ಅಮ್ಮನ ಮಂಡಿ ಆಪರೇಷನ್, ಅಣ್ಣನ ಬೋರ್‌ವೆಲ್ ಎಲ್ಲ ಅವರ ತಲೆಗೇ. ಇದನ್ನು ದುಂದುಗಾರಿಕೆ ಅನ್ನುವವರ ಮಾತು ಕೇಳಬೇಡಿ. ನನ್ನ ಸಲಹೆ ಇಷ್ಟೇ: ಇದನ್ನು ಕಾರಿನ ಕಂತಿನ ಥರ ಮೊದಲೇ ತೆಗೆದಿಡಿ. ತಿಂಗಳಿಗೆ ಎಂಟು ಸಾವಿರ ಅಂತ ಬೇರೆ ಅಕೌಂಟಿಗೆ ಹಾಕಿ. ಯಾರು ಕೇಳಿದರೂ ಅದರಿಂದ ಕೊಡಿ. ವಾಪಸ್ ಬರುತ್ತೆ ಅಂತ ಎಣಿಸಬೇಡಿ. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಈ ವಾರವೇ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ.

ಸರಿ, ಎಲ್ಲಿಂದ ಶುರು ಮಾಡೋದು?

ಮೊದಲು ಹೊಸ ಸೈನ್ ನಿಲ್ಲಿಸಿ. ಆರು ತಿಂಗಳು ಯಾವ ಹೊಸ ಕಂತೂ ಬೇಡ, ಫೋನಿನದ್ದೂ ಬೇಡ. ಆಮೇಲೆ ಬಡ್ಡಿ ಜಾಸ್ತಿ ಇರೋದರಿಂದ ಕೆಳಗೆ ಬನ್ನಿ: ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್, ಕಾರು, ಕೊನೆಗೆ ಮನೆ. ಜೊತೆಗೇ ಒಂದು ತಿಂಗಳ ಖರ್ಚಿನಷ್ಟು ದುಡ್ಡು ಮುಟ್ಟದ ಹಾಗೆ ಬೇರೆ ಕಡೆ ಇಡಿ, ನಿಧಾನಕ್ಕೆ ಅದನ್ನು ಆರು ತಿಂಗಳಿಗೆ ಬೆಳೆಸಿ. ಉಳಿತಾಯ ಮತ್ತು ವಿಮೆ ಬೆರೆಸಿದ ಹಳೇ ಪಾಲಿಸಿಗಳಿದ್ದರೆ ಸರೆಂಡರ್ ಮಾಡಿದರೆ (ಪಾಲಿಸಿ ಮುರಿದು ದುಡ್ಡು ವಾಪಸ್ ತಗೊಂಡರೆ) ಎಷ್ಟು, ಪೇಯ್ಡ್ ಅಪ್ ಮಾಡಿದರೆ (ಕಂತು ನಿಲ್ಲಿಸಿ ಪಾಲಿಸಿ ಉಳಿಸಿಕೊಂಡರೆ) ಎಷ್ಟು, ಎರಡನ್ನೂ ಬರೆದು ಕೊಡಿ ಅಂತ ಕಂಪನಿಗೆ ಕೇಳಿ. ಜೀವ ವಿಮೆ ಬೇಕೇ ಬೇಕು, ಅದಕ್ಕೆ ಟರ್ಮ್ ಪಾಲಿಸಿ, ಅಂದರೆ ಉಳಿತಾಯ ಬೆರೆಸದ ಬರೀ ಜೀವ ವಿಮೆ, ಸಾಕು. ಅದನ್ನು ತೆಗೆದುಕೊಂಡ ಮೇಲೆ ಹಳೇದನ್ನು ಮುಟ್ಟಿ.

ಬೋಗಾದಿಯವರು ವೇರಿಯಬಲ್ ಪೇ ಬಂದಾಗ ಅಷ್ಟನ್ನೂ ಪರ್ಸನಲ್ ಲೋನಿಗೆ ಹಾಕಿದರು. ಎಂಟು ತಿಂಗಳಲ್ಲಿ ಅದು ತೀರಿತು. ತಿಂಗಳಿಗೆ 21,100 ಬಿಡುಗಡೆ ಆಯಿತು. ಸೈಟು ಮಾರೋಣ ಅಂತ ಆಕೆಗೆ ಇದೆ, ಅವನಿಗೆ ಇನ್ನೂ ಮನಸ್ಸಿಲ್ಲ. ನಾನು ಒತ್ತಾಯ ಮಾಡಿಲ್ಲ.

ಸಂಬಳ ಜಾಸ್ತಿ ಆದ್ರೆ ತಾನಾಗೇ ಸರಿಹೋಗಲ್ವಾ?

ನಾನು ನೋಡಿದ ಹಾಗೆ, ಇಲ್ಲ. 80 ಸಾವಿರ ಇದ್ದಾಗಲೂ 20ನೇ ತಾರೀಖಿಗೇ ಖಾಲಿ ಆಗುತ್ತಿತ್ತು ಅಂತ ನೀವೇ ಹೇಳುತ್ತೀರಿ. ಇನ್‌ಕ್ರಿಮೆಂಟ್ ಆದ ತಿಂಗಳೇ ಹೆಚ್ಚಿದ್ದರಲ್ಲಿ ಅರ್ಧವನ್ನು ಬೇರೆ ಅಕೌಂಟಿಗೆ ತಾನಾಗೇ ಹೋಗುವ ಹಾಗೆ ಮಾಡಿ. ಕೈಗೆ ಸಿಕ್ಕಿ ಅಭ್ಯಾಸ ಆದ ಮೇಲೆ ತೆಗೆದಿಡೋದು ತುಂಬಾ ಕಷ್ಟ.

ಮನೆಯವರಿಗೆ ಗೊತ್ತಿಲ್ಲದ ಸಾಲ ಇದೆ. ಹೇಳಬೇಕಾ?

ಹೇಳಿ. ಬಂದ ಹತ್ತು ಮನೆಗಳಲ್ಲಿ ಮೂರು ನಾಲ್ಕರಲ್ಲಿ ಇಂಥದ್ದೊಂದು ಇದ್ದೇ ಇರುತ್ತೆ. ಷೇರಿನಲ್ಲಿ ಕಳೆದದ್ದು, ಗೆಳೆಯನಿಗೆ ಜಾಮೀನು ಹಾಕಿದ್ದು, ತಮ್ಮನಿಗೆ ಕೊಟ್ಟದ್ದು. ಮೊದಲ ದಿನ ಮನೆಯಲ್ಲಿ ಜೋರು ಮಾತಾಗುತ್ತೆ. ಆದರೆ ಹಾಳೆಯ ಮೇಲೆ ಬರದ ಸಾಲವನ್ನು ತೀರಿಸೋಕೆ ಇಬ್ಬರ ಸಂಬಳ ಸೇರಿಸಲು ಆಗಲ್ಲ. ಒಬ್ಬರೇ ಹೊತ್ತುಕೊಂಡು ರಾತ್ರಿ ನಿದ್ದೆ ಬಿಟ್ಟವರನ್ನು ನಾನು ನೋಡಿದ್ದೇನೆ.

ಒಬ್ಬರೇ ಹೇಳೋಕೆ ಧೈರ್ಯ ಸಾಲದಿದ್ದರೆ ಇಬ್ಬರೂ ಒಟ್ಟಿಗೆ ಬನ್ನಿ, ಇಲ್ಲೇ ಕೂತು ಹೇಳಿ. ಎಷ್ಟೋ ಜನ ಹಾಗೆ ಮಾಡಿದ್ದಾರೆ.

ನಿಮ್ಮ ಹತ್ತಿರ ಬರಬೇಕಾದ್ರೆ ಏನು ತರಬೇಕು?

ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲ ಅಕೌಂಟಿನದ್ದೂ, ಪ್ರಿಂಟ್ ಹಾಕಿಸಿ. ಫೋನಿನಲ್ಲಿ ತೋರಿಸಿದರೆ ಪ್ರಯೋಜನ ಇಲ್ಲ, ಬಣ್ಣ ಹಚ್ಚಬೇಕು. ಸಾಲದ ಸ್ಟೇಟ್‌ಮೆಂಟುಗಳು, ಪಾಲಿಸಿ ಪತ್ರಗಳು, ಸಂಬಳದ ಚೀಟಿ. ಗಂಡ ಹೆಂಡತಿ ಇಬ್ಬರೂ ಬರಬೇಕು. ಮಕ್ಕಳು ಹೈಸ್ಕೂಲಿನಲ್ಲಿದ್ದರೆ ಅವರನ್ನೂ ಕರೆತನ್ನಿ, ಒಂದು ಗಂಟೆ ಕೂತು ಕೇಳಲಿ. ಫೀಸು ಏನೂ ಇಲ್ಲ. ಹೈಲೈಟರ್ ನನ್ನ ಹತ್ತಿರ ಇದೆ.